ಹಾರದೊಳಗಿನ ನಾರು: ರೇಣು ಸಲೂಜಾ ಮತ್ತು ಸಂಕಲನದ ಕಲೆ

(ಚಿತ್ರರಸಿಕರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಬರಹ ರೂಪ)

ಸಿನಿಮಾ ಬಿಟ್ಟ ಮೇಲೆ ಚಿತ್ರಮಂದಿರದ ಗೇಟಿನ ಬಳಿ ಒಂದು ಹತ್ತು ನಿಮಿಷ ನಿಂತು ಜನರ ಮಾತು ಕೇಳಿಸಿಕೊಳ್ಳಿ. ನಾಯಕ ಹೇಗೆ ಮಾಡಿದ, ಹಾಡು ಹೇಗಿತ್ತು, ಕ್ಯಾಮೆರಾ ಕೆಲಸ ಎಂಥದು, ಕಥೆ ಎಲ್ಲಿ ಸೊರಗಿತು ಎಂಬ ಮಾತೆಲ್ಲ ಬರುತ್ತದೆ. ‘ಸಂಕಲನ ಬಹಳ ಚೆನ್ನಾಗಿತ್ತು’ ಎಂದು ಹೇಳುವವರು ಸಿಗುವುದು ಅಪರೂಪ. ಆ ವಿಷಯ ಬಂದರೂ ‘ಎಡಿಟಿಂಗ್ ಇನ್ನಷ್ಟು ಬಿಗಿಯಾಗಿರಬೇಕಿತ್ತು’ ಎಂಬ ದೂರಾಗಿಯೇ ಬರುತ್ತದೆ. ಚೆನ್ನಾಗಿ ಮಾಡಿದಾಗ ಯಾರಿಗೂ ಕಾಣದ, ಕೆಟ್ಟಾಗ ಮಾತ್ರ ಎಲ್ಲರಿಗೂ ಕಾಣುವ ಕೆಲಸ ಅದು.

ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಎಂಬ ಗಾದೆ ನಮ್ಮಲ್ಲಿದೆ. ನಾರು ಪುಣ್ಯವಂತ, ಹೂವಿನ ಸಹವಾಸದಿಂದ ಅದಕ್ಕೂ ಸದ್ಗತಿ ಸಿಕ್ಕಿತು ಎಂಬುದು ಅದರ ಅರ್ಥ. ಮಾರುಕಟ್ಟೆಯಲ್ಲಿ ಹೂ ಕಟ್ಟುವ ಹೆಂಗಸನ್ನು ಕೇಳಿದರೆ ಆಕೆ ಬೇರೆಯೇ ಹೇಳಿಯಾಳು. ಬಾಳೆನಾರು ಇಲ್ಲದಿದ್ದರೆ ಮಲ್ಲಿಗೆ ಬುಟ್ಟಿಯಲ್ಲಿ ರಾಶಿಯಾಗಿ ಬಿದ್ದಿರುತ್ತದೆ, ಅಷ್ಟೆ. ಯಾವ ಹೂವಿನ ಪಕ್ಕ ಯಾವುದು, ಎಷ್ಟು ಒತ್ತಾಗಿ, ಎಲ್ಲಿ ಗಂಟು ಎಂಬುದನ್ನು ತೀರ್ಮಾನಿಸಿ ಮೊಳಗಟ್ಟಲೆ ಹಾರ ಮಾಡುವುದು ಆ ಕೈ ಮತ್ತು ಆ ನಾರು. ಕಟ್ಟಿ ಮುಗಿದ ಮೇಲೆ ಎರಡೂ ಕಾಣುವುದಿಲ್ಲ.

ಇಂದಿನ ಮಾತು ಅಂಥ ಒಂದು ಕೈಯ ಕುರಿತು. ಹಿಂದಿ ಚಿತ್ರರಂಗದ ಸಂಕಲನಕಾರ್ತಿ ರೇಣು ಸಲೂಜಾ ಅವರು ಹುಟ್ಟಿದ್ದು 1952ರಲ್ಲಿ, ತೀರಿಕೊಂಡದ್ದು 2000ದ ಆಗಸ್ಟ್ 16ರಂದು. ಆಗ ಅವರಿಗೆ ವಯಸ್ಸು 48. ಸಂಕಲನಕ್ಕಾಗಿ ನಾಲ್ಕು ಬಾರಿ ರಾಷ್ಟ್ರಪ್ರಶಸ್ತಿ ಪಡೆದವರು. ‘ಜಾನೇ ಭೀ ದೋ ಯಾರೋ’, ‘ಅರ್ಧ ಸತ್ಯ’, ‘ಪರಿಂದಾ’, ‘ಬ್ಯಾಂಡಿಟ್ ಕ್ವೀನ್’ ನೋಡಿದವರು ಲಕ್ಷಾಂತರ ಮಂದಿ. ಈ ನಾಲ್ಕೂ ಒಂದೇ ಮೇಜಿನ ಮೇಲೆ ರೂಪ ತಳೆದವು ಎಂದು ಬಲ್ಲವರು ಎಷ್ಟು ಮಂದಿ?

ಮೇಜಿನ ಮೇಲಿನ ಲೆಕ್ಕ

ರೇಣು ಅವರ ವೃತ್ತಿಜೀವನ ಅರ್ಥವಾಗಬೇಕಾದರೆ ಅವರ ಕೆಲಸದ ಕೋಣೆ ಹೇಗಿತ್ತು ಎಂಬುದು ಮೊದಲು ಕಣ್ಣಿಗೆ ಕಟ್ಟಬೇಕು. ಈಗ ಸಿನಿಮಾ ಎಂದರೆ ಕಂಪ್ಯೂಟರಿನೊಳಗಿನ ಕಡತ. ಅಂದು ಅದು ಕೈಯಲ್ಲಿ ಹಿಡಿಯಬಹುದಾದ, ತೂಕವುಳ್ಳ ವಸ್ತು. 35 ಮಿಲಿಮೀಟರ್ ಅಗಲದ ಫಿಲ್ಮ್ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ಒಂದು ಅಡಿಗೆ 16 ಚೌಕಟ್ಟು, ಒಂದು ನಿಮಿಷಕ್ಕೆ 90 ಅಡಿ. ಎರಡೂ ಕಾಲು ಗಂಟೆಯ ಒಂದು ಚಿತ್ರವೆಂದರೆ 12 ಸಾವಿರ ಅಡಿಗೂ ಮಿಕ್ಕ ಪಟ್ಟಿ. ಹಾಸಿದರೆ ಮೂರೂವರೆ ಕಿಲೋಮೀಟರ್ ದಾಟುತ್ತದೆ. ಅದರಲ್ಲಿ ಎರಡು ಲಕ್ಷಕ್ಕೆ ಸ್ವಲ್ಪ ಕಡಿಮೆ ಚೌಕಟ್ಟುಗಳು. ಇದು ಉಳಿದದ್ದರ ಲೆಕ್ಕ. ಚಿತ್ರೀಕರಿಸಿ ಕೈಬಿಟ್ಟದ್ದು ಇದರ ಹಲವು ಪಟ್ಟು.

ಚಿತ್ರೀಕರಣ ನಡೆದಂತೆ ಲ್ಯಾಬಿನಿಂದ ರಶಸ್ ಎಂಬ ಕಚ್ಚಾ ಪ್ರತಿಗಳು ಬರುತ್ತವೆ. ಮಾತು ಬೇರೆ ಮ್ಯಾಗ್ನೆಟಿಕ್ ಪಟ್ಟಿಯ ಮೇಲಿರುತ್ತದೆ. ಕ್ಲ್ಯಾಪ್ ಹಲಗೆ ‘ಟಪ್’ ಎಂದು ಮುಚ್ಚಿಕೊಳ್ಳುವ ಚೌಕಟ್ಟನ್ನೂ ಆ ಸದ್ದನ್ನೂ ಹುಡುಕಿ ಎರಡನ್ನೂ ಕೂಡಿಸುವುದು ಮೊದಲ ಕೆಲಸ. ಆಮೇಲೆ ಮೂವಿಯೋಲಾ ಅಥವಾ ಸ್ಟೀನ್‌ಬೆಕ್ ಯಂತ್ರದಲ್ಲಿ ಹಿಂದೆ ಮುಂದೆ ಓಡಿಸಿ ನೋಡುವುದು, ಮೇಣದ ಪೆನ್ಸಿಲಿನಿಂದ ಗುರುತು ಹಾಕುವುದು, ಕತ್ತರಿಸುವುದು, ಟೇಪ್ ಅಂಟಿಸಿ ಜೋಡಿಸುವುದು. ಮತ್ತೆ ನೋಡುವುದು, ಸರಿಯೆನಿಸದಿದ್ದರೆ ಬಿಚ್ಚುವುದು. ಬೇಡವಾದ ತುಣುಕನ್ನೂ ಎಸೆಯುವಂತಿಲ್ಲ. ಬಟ್ಟೆಯ ಚೀಲವಿರುವ ತೊಟ್ಟಿಯ ಮೇಲೆ ಮೊಳೆಗಳ ಸಾಲಿಗೆ ನೇತುಹಾಕಬೇಕು. ನಾಳೆ ಅದರಲ್ಲಿನ ಆರು ಚೌಕಟ್ಟು, ಅಂದರೆ ಕಾಲು ಸೆಕೆಂಡಿನಷ್ಟು, ಬೇಕಾದೀತು. ಆರು ಚೌಕಟ್ಟಿಗಾಗಿ ಅರ್ಧ ದಿನ ತಡಕಾಡುವುದು ಈ ವೃತ್ತಿಯಲ್ಲಿ ಸಾಮಾನ್ಯ ಸಂಗತಿಯಾಗಿತ್ತು.

ಇಷ್ಟು ಕೇಳಿದರೆ ಇದು ದರ್ಜಿಯ ಕೆಲಸದಂತೆ ತೋರಬಹುದು. ಅಲ್ಲ ಎಂಬುದನ್ನು ರಷ್ಯಾದ ಲೆವ್ ಕುಲೆಶೋವ್ ಶತಮಾನದ ಹಿಂದೆಯೇ ತೋರಿಸಿಕೊಟ್ಟ. ಒಬ್ಬ ನಟನ ನಿರ್ವಿಕಾರ ಮುಖದ ಒಂದೇ ಚಿತ್ರಿಕೆಯನ್ನು ಆತ ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ, ಒಮ್ಮೆ ಹೆಣ್ಣೊಬ್ಬಳ ಚಿತ್ರದ ಪಕ್ಕ ಜೋಡಿಸಿದ. ನೋಡಿದವರಿಗೆ ಅದೇ ಮುಖದಲ್ಲಿ ಹಸಿವು ಕಂಡಿತು, ದುಃಖ ಕಂಡಿತು, ಆಸೆ ಕಂಡಿತು. ಮುಖ ಬದಲಾಗಿರಲಿಲ್ಲ, ನೆರೆಹೊರೆ ಬದಲಾಗಿತ್ತು. ಒಂದು ಚಿತ್ರಿಕೆಯ ಅರ್ಥ ಅದರೊಳಗೆ ಮಾತ್ರವಿಲ್ಲ, ಅದರ ಹಿಂದುಮುಂದಿನ ಚಿತ್ರಿಕೆಗಳಲ್ಲೂ ಇದೆ ಎಂಬುದೇ ಸಂಕಲನದ ಮೂಲಪಾಠ. ಆ ನೆರೆಹೊರೆಯನ್ನು ನಿರ್ಧರಿಸುವವರು ಚಿತ್ರವನ್ನು ಇನ್ನೊಮ್ಮೆ ಬರೆಯುವವರೇ ಸರಿ.

ಪುಣೆಯ ಆವರಣ

ರೇಣು ಈ ಪಾಠ ಕಲಿತದ್ದು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ. ಪ್ರಭಾತ್ ಸ್ಟುಡಿಯೋ ಇದ್ದ ಜಾಗದಲ್ಲಿ 1960ರಲ್ಲಿ ಆರಂಭವಾದ ಸಂಸ್ಥೆ ಅದು. ಅಕ್ಕ ರಾಧಾ ಸಲೂಜಾ ಆಗಲೇ ತೆರೆಯ ಮೇಲೆ ಹೆಸರು ಮಾಡಿದ ನಟಿ. ತಂಗಿ ಆರಿಸಿಕೊಂಡದ್ದು ತೆರೆಯ ಹಿಂಬದಿಯನ್ನು. ಅದೂ ಮೊದಲ ಆಯ್ಕೆಯಲ್ಲ. ಅವರು ಬಯಸಿದ್ದು ನಿರ್ದೇಶನದ ತರಗತಿ. ಅಲ್ಲಿ ಪ್ರವೇಶ ಸಿಗದೆ ಸಂಕಲನಕ್ಕೆ ಸೇರಿದರು. 1976ರಲ್ಲಿ ಆ ವಿಭಾಗದಿಂದಲೇ ಪದವೀಧರೆಯಾಗಿ ಹೊರಬಂದರು. ಬೇಕೆಂದು ಬೇಡಿದ ಬಾಗಿಲು ಮುಚ್ಚಿ ಬೇರೊಂದು ತೆರೆದದ್ದು ಭಾರತೀಯ ಚಿತ್ರರಂಗದ ಭಾಗ್ಯವೆಂದೇ ಹೇಳಬೇಕು.

ಎಪ್ಪತ್ತರ ದಶಕದ ನಡುವಿನ ಆ ಆವರಣ ಕನ್ನಡಿಗರಿಗೆ ಅಪರಿಚಿತವಲ್ಲ. 1974–75ರಲ್ಲಿ ಅದರ ನಿರ್ದೇಶಕರಾಗಿದ್ದವರು ಗಿರೀಶ ಕಾರ್ನಾಡರು. 1975ರಲ್ಲಿ ಅಲ್ಲಿಂದ ಚಿನ್ನದ ಪದಕದೊಂದಿಗೆ ಹೊರಬಂದ ಗಿರೀಶ ಕಾಸರವಳ್ಳಿಯವರು ಎರಡೇ ವರ್ಷದಲ್ಲಿ ‘ಘಟಶ್ರಾದ್ಧ’ ಮಾಡಿದರು. ಕುಂದನ್ ಶಾ, ಸಯೀದ್ ಮಿರ್ಜಾ, ಕೇತನ್ ಮೆಹ್ತಾ, ವಿಧು ವಿನೋದ್ ಚೋಪ್ರಾ ಅಲ್ಲಿ ಅದೇ ಕಾಲದಲ್ಲಿ ಕಲಿತ ಇತರ ಕೆಲವರು. ಹಿಂದಿಯ ಹೊಸ ಅಲೆಯ ಚಿತ್ರಗಳ ಪಟ್ಟಿ ತೆಗೆದರೆ ಈ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಅವರಲ್ಲಿ ಹಲವರ ಚಿತ್ರಗಳನ್ನು ಬೆಸೆದದ್ದು ರೇಣು ಅವರ ಮೇಜು. ಮಿರ್ಜಾ ಅವರ ‘ಆಲ್ಬರ್ಟ್ ಪಿಂಟೋ ಕೋ ಗುಸ್ಸಾ ಕ್ಯೋಂ ಆತಾ ಹೈ’ (1980), ‘ಮೋಹನ್ ಜೋಶಿ ಹಾಜಿರ್ ಹೋ!’ (1984), ಕುಂದನ್ ಶಾ ಅವರ ‘ಜಾನೇ ಭೀ ದೋ ಯಾರೋ’ (1983), ಚೋಪ್ರಾ ಅವರ ‘ಖಾಮೋಶ್’ (1985) ಮತ್ತು ‘ಪರಿಂದಾ’ (1989), ಮೆಹ್ತಾ ಅವರ ‘ಮಾಯಾ ಮೇಮ್‌ಸಾಬ್’ ಮತ್ತು ‘ಸರ್ದಾರ್’ (1993) ಅವರು ಸಂಕಲಿಸಿದವು. ಒಬ್ಬೊಬ್ಬ ನಿರ್ದೇಶಕನದು ಒಂದೊಂದು ದಾರಿ. ಒಬ್ಬರದು ವಿಡಂಬನೆ, ಇನ್ನೊಬ್ಬರದು ರಾಜಕೀಯ, ಮತ್ತೊಬ್ಬರದು ರೋಮಾಂಚನ. ಎಲ್ಲರ ನುಡಿಯೂ ತಿಳಿದಿದ್ದ ದುಭಾಷಿ ರೇಣು.

ನಗೆಗೂ ಒಂದು ಅಳತೆ

‘ಜಾನೇ ಭೀ ದೋ ಯಾರೋ’ ಚಿತ್ರವನ್ನೇ ತೆಗೆದುಕೊಳ್ಳಿ. ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಹಣದಲ್ಲಿ, ಏಳು ಲಕ್ಷ ರೂಪಾಯಿಗೂ ಕಡಿಮೆ ವೆಚ್ಚದಲ್ಲಿ ತಯಾರಾದ ಚಿತ್ರ. ಗೆಳೆಯರೇ ಸೇರಿ ಎಳೆದ ತೇರು ಅದು. ಕಥೆಯ ಇಬ್ಬರು ಬಡಪಾಯಿ ಫೋಟೋಗ್ರಾಫರುಗಳ ಹೆಸರು ವಿನೋದ್ ಮತ್ತು ಸುಧೀರ್. ಚಿತ್ರಕ್ಕೆ ದುಡಿದ ವಿಧು ವಿನೋದ್ ಚೋಪ್ರಾ ಮತ್ತು ಸುಧೀರ್ ಮಿಶ್ರಾ ಅವರಿಂದ ಎರವಲು ತಂದ ಹೆಸರುಗಳವು. ಮಹಾಭಾರತದ ನಾಟಕದ ದೃಶ್ಯದಲ್ಲಿ ದುಶ್ಶಾಸನನ ವೇಷ ಹಾಕಿದವರೂ ಚೋಪ್ರಾ ಅವರೇ.

ಈ ಚಿತ್ರದ ಒಂದು ತಿರುವು ಸಂಕಲನದ ಪಾಠವೇ ಆಗಿದೆ. ಆ ಇಬ್ಬರು ಉದ್ಯಾನವೊಂದರಲ್ಲಿ ತೆಗೆದ ಫೋಟೋವನ್ನು ತೊಳೆದು ನೋಡುತ್ತಾರೆ. ಮೂಲೆಯಲ್ಲಿ ಏನೋ ಇದೆ. ದೊಡ್ಡದು ಮಾಡುತ್ತಾರೆ, ಇನ್ನೂ ದೊಡ್ಡದು ಮಾಡುತ್ತಾರೆ. ಕೊನೆಗೆ ಕಾಣಿಸುವುದು ಕೊಲೆ. ಇಟಲಿಯ ನಿರ್ದೇಶಕ ಆಂಟೋನಿಯೋನಿಯ ‘ಬ್ಲೋ ಅಪ್’ ಚಿತ್ರಕ್ಕೆ ಸಲ್ಲಿಸಿದ ತುಂಟ ನಮಸ್ಕಾರ ಇದು. ಉದ್ಯಾನದ ಹೆಸರೇ ಆಂಟೋನಿಯೋನಿ ಪಾರ್ಕ್! ರಾಶಿಬಿದ್ದ ಚಿತ್ರಗಳಲ್ಲಿ ಅಡಗಿರುವ ಕಥೆಯನ್ನು ಹಿಗ್ಗಿಸಿ, ಕುಗ್ಗಿಸಿ, ಪಕ್ಕಪಕ್ಕ ಇಟ್ಟು ಹುಡುಕುವುದನ್ನೇ ರೇಣು ಸಹ ದಿನವೂ ಮಾಡುತ್ತಿದ್ದರು.

ಇನ್ನು ಆ ಪ್ರಸಿದ್ಧ ನಾಟಕದ ದೃಶ್ಯ. ಕಮಿಷನರ್ ಡಿಮೆಲ್ಲೋನ ಹೆಣ ದ್ರೌಪದಿಯ ಸೀರೆಯಲ್ಲಿ ರಂಗದ ಮೇಲೆ ಬಂದಿದೆ. ಹೆಣವನ್ನು ಕಾಪಾಡಬೇಕಾದವರು, ಕದಿಯಬೇಕಾದವರು ಎಲ್ಲರೂ ಒಬ್ಬೊಬ್ಬರಾಗಿ ಪೌರಾಣಿಕ ವೇಷದಲ್ಲಿ ನುಗ್ಗುತ್ತಾರೆ. ವಸ್ತ್ರಾಪಹರಣ ನಡೆಯಬೇಕಾದಲ್ಲಿ ವಸ್ತ್ರಾಪಹರಣ ಬೇಡವೆಂಬ ಗಲಾಟೆ. ನಡುವೆ ಮೊಘಲ್ ದರ್ಬಾರಿನ ಪಾತ್ರವೂ ಬಂದು ಸೇರುತ್ತದೆ. ಕಂಪನಿ ನಾಟಕ ನೋಡಿ ಬೆಳೆದ ನಮ್ಮ ಕಡೆಯವರಿಗೆ ರಂಗದ ಮೇಲಿನ ಇಂಥ ಎಡವಟ್ಟುಗಳ ರುಚಿ ಗೊತ್ತೇ ಇದೆ. ನಾಟಕದಲ್ಲಾದರೆ ನಗೆಯ ಹೊತ್ತನ್ನು ನಟನೇ ಅಳೆಯುತ್ತಾನೆ. ಪ್ರೇಕ್ಷಕರ ನಗು ಇಳಿಯುವವರೆಗೆ ಕಾದು ಮುಂದಿನ ಮಾತು ಬಿಡುತ್ತಾನೆ. ಸಿನಿಮಾದಲ್ಲಿ ಆ ಅವಕಾಶವಿಲ್ಲ. ನಗು ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ಕತ್ತಲ ಕೋಣೆಯಲ್ಲಿ, ನಗುವವರು ಯಾರೂ ಇಲ್ಲದಾಗ, ನೂರನೆಯ ಸಲ ಅದೇ ತುಣುಕು ನೋಡುತ್ತ ಸಂಕಲನಕಾರರು ಊಹಿಸಬೇಕು. ಹತ್ತು ಚೌಕಟ್ಟು ಹೆಚ್ಚಾದರೆ ಹಾಸ್ಯ ಹಳಸುತ್ತದೆ, ಹತ್ತು ಕಡಿಮೆಯಾದರೆ ಅರ್ಥವೇ ಆಗುವುದಿಲ್ಲ. ನಾಲ್ಕು ದಶಕ ಕಳೆದ ಮೇಲೂ ಜನ ಆ ದೃಶ್ಯಕ್ಕೆ ನಗುತ್ತಿದ್ದಾರೆ ಎಂದರೆ ಆ ಊಹೆ ತಪ್ಪಿರಲಿಲ್ಲ.

ಅದೇ ಚಿತ್ರದಲ್ಲಿ ಬಿಟ್ಟದ್ದರ ಕಥೆಯೂ ಇದೆ. ‘ಡಿಸ್ಕೋ ಕಿಲ್ಲರ್’ ಎಂಬ ಒಂದು ಪಾತ್ರವಿತ್ತು. ಅದನ್ನು ಮಾಡಿದವರು ಆಗ ಯಾರಿಗೂ ಗೊತ್ತಿಲ್ಲದ ಅನುಪಮ್ ಖೇರ್. ಚಿತ್ರ ಬಹಳ ಉದ್ದವಾಗಿತ್ತು. ಕತ್ತರಿಸುತ್ತ ಹೋದಾಗ ಆ ಪಾತ್ರ ಇಡಿಯಾಗಿ ಬಿದ್ದುಹೋಯಿತು. ಹೊಸ ನಟನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೇನು? ಮರುವರ್ಷ ‘ಸಾರಾಂಶ್’ ಬಂದು ಖೇರ್ ಮನೆಮಾತಾದರು ಎಂಬುದು ಬೇರೆ ಮಾತು. ಆರು ವರ್ಷದ ನಂತರ ‘ಪರಿಂದಾ’ದಲ್ಲಿ ಅವರದೇ ಒಂದು ಮುಖ್ಯ ಪಾತ್ರವನ್ನು ರೇಣು ಮೇಜಿನ ಮೇಲಿಟ್ಟು ಜೋಡಿಸಿದರು. ಒಂದು ದೃಶ್ಯಕ್ಕಾಗಿ ರಾತ್ರಿಯಿಡೀ ದುಡಿದವರು ಇರುತ್ತಾರೆ, ಸಾಲ ಮಾಡಿದವರು ಇರುತ್ತಾರೆ. ಆ ಕಷ್ಟ ತಿಳಿದೂ ‘ಇದು ಚಿತ್ರಕ್ಕೆ ಬೇಡ’ ಎನ್ನಬಲ್ಲ ನಿಷ್ಠುರತೆ ಈ ಕೆಲಸಕ್ಕೆ ಬೇಕು. ಮೊದಲ ಬಾರಿಗೆ ಪರದೆ ನೋಡುವ ಪ್ರೇಕ್ಷಕನಿಗೆ ಈ ಕಷ್ಟ ಯಾವುದೂ ತಿಳಿದಿರುವುದಿಲ್ಲ. ಸಂಕಲನಕಾರರು ಆ ಪ್ರೇಕ್ಷಕನ ವಕೀಲರು.

ಮುಖದ ಮೇಲೆ ಎಷ್ಟು ಹೊತ್ತು

ಅದೇ 1983ರಲ್ಲಿ ಬಂದದ್ದು ‘ಅರ್ಧ ಸತ್ಯ’. ನಿರ್ದೇಶಕ ಗೋವಿಂದ ನಿಹಲಾನಿ. ಛಾಯಾಗ್ರಾಹಕನಾಗಿ ಅವರು ತರಬೇತಿ ಪಡೆದದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಮುಂದೆ ಅವರು ಸಹಾಯಕರಾಗಿ ದುಡಿದದ್ದು ಅದೇ ಸಂಸ್ಥೆಯಿಂದ ಬಂದ ಮೈಸೂರಿನ ವಿ.ಕೆ. ಮೂರ್ತಿಯವರ ಬಳಿ. ಕಾರ್ನಾಡರ ‘ಕಾಡು’ ಚಿತ್ರಕ್ಕೆ ಕ್ಯಾಮೆರಾ ಹಿಡಿದವರೂ ನಿಹಲಾನಿ.

‘ಅರ್ಧ ಸತ್ಯ’ದ ಹದ ‘ಜಾನೇ ಭೀ ದೋ ಯಾರೋ’ಗೆ ತೀರ ಎದುರು. ಓಂ ಪುರಿ ಮಾಡಿದ ಸಬ್ ಇನ್‌ಸ್ಪೆಕ್ಟರ್ ವೇಲಣಕರ್ ಒಳಗೊಳಗೇ ಬೇಯುವ ಮನುಷ್ಯ. ಅಪ್ಪನ ದರ್ಪದ ನೆನಪು, ಮೇಲಧಿಕಾರಿಗಳ ರಾಜಿ, ರಾಮಾ ಶೆಟ್ಟಿಯ ಪುಂಡಾಟ ಎಲ್ಲವೂ ಸೇರಿ ಅವನನ್ನು ಹಿಂಡುತ್ತವೆ. ಗೆಳತಿಯ ಎದುರು ಕೂತು ಅವನು ದಿಲೀಪ್ ಚಿತ್ರೆಯವರ ಕವಿತೆಯನ್ನು ಓದುವ ದೃಶ್ಯವನ್ನು ನೋಡಿದವರು ಮರೆಯಲಾರರು. ಸುಮ್ಮನೆ ಎಂಬಂತೆ ಓದಲು ತೊಡಗುತ್ತಾನೆ, ಓದುತ್ತ ಓದುತ್ತ ದನಿ ಭಾರವಾಗುತ್ತದೆ. ಕವಿತೆ ತನ್ನನ್ನೇ ಕುರಿತದ್ದು ಎಂಬುದು ಅವನಿಗೆ ಆಗ ಹೊಳೆಯುತ್ತದೆ.

ಇಂಥ ಕಡೆ ಸಂಕಲನಕಾರರ ಮುಂದಿರುವ ಪ್ರಶ್ನೆಗಳು ಸರಳವಾಗಿ ಕಾಣುತ್ತವೆ. ಓದುವವನ ಮುಖದಲ್ಲೇ ಇರಬೇಕೆ? ಕೇಳುವವಳ ಮುಖಕ್ಕೆ ಹೋಗಬೇಕೆ? ಹೋದರೆ ಯಾವ ಪದದ ಮೇಲೆ? ಅವಸರ ಮಾಡಿದರೆ ನಟನ ಮುಖದಲ್ಲಿ ಮೂಡುತ್ತಿದ್ದ ಭಾವ ಅರ್ಧಕ್ಕೇ ಕಡಿದುಹೋಗುತ್ತದೆ. ತಡಮಾಡಿದರೆ ಅದು ಪ್ರದರ್ಶನವಾಗುತ್ತದೆ. ಕತ್ತರಿ ಕೈಯಲ್ಲಿದ್ದೂ ಕತ್ತರಿಸದೆ ಕಾಯುವುದು ಈ ವಿದ್ಯೆಯ ಕಷ್ಟದ ಭಾಗ. ಓಂ ಪುರಿ ಅವರಿಗೆ ಈ ಪಾತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಬಂತು. ನಟನ ಶ್ರೇಷ್ಠ ಗಳಿಗೆಗಳನ್ನು ಆರಿಸಿ, ಅವು ಪೂರ್ತಿ ಅರಳುವವರೆಗೆ ತಡೆದು, ಬಾಡುವ ಮುನ್ನ ತೆಗೆದ ಕೈಗೆ ಆ ವರ್ಷ ಬಹುಮಾನವಿರಲಿಲ್ಲ.

ಹೆಣ್ಣುಮಕ್ಕಳೂ ಕತ್ತರಿಯೂ

ಜಗತ್ತಿನ ಸಿನಿಮಾ ಚರಿತ್ರೆಯಲ್ಲಿ ಒಂದು ವಿಚಿತ್ರವಿದೆ. ಮೂಕಿ ಚಿತ್ರಗಳ ಕಾಲದ ಹಾಲಿವುಡ್‌ನಲ್ಲಿ ಫಿಲ್ಮ್ ಕತ್ತರಿಸಿ ಅಂಟಿಸುವವರಲ್ಲಿ ಹೆಂಗಸರೇ ಬಹಳ ಮಂದಿ. ಹೊಲಿಗೆ ಕಸೂತಿಯಂತೆ ಇದೂ ತಾಳ್ಮೆಯ ಕೈಗೆಲಸ, ಹೆಂಗಸರಿಗೆ ಒಗ್ಗುವಂಥದು ಎಂದು ಗಂಡಸರು ತಿಳಿದಿದ್ದರು. ಹಾಗೆ ಒಳಬಂದ ಮಾರ್ಗರೆಟ್ ಬೂತ್ 1939ರಿಂದ ಮೂರು ದಶಕ ಎಂಜಿಎಂ ಸಂಸ್ಥೆಯ ಸಂಕಲನ ವಿಭಾಗದ ಮೇಲ್ವಿಚಾರಕಿಯಾಗಿದ್ದರು. ‘ಲಾರೆನ್ಸ್ ಆಫ್ ಅರೇಬಿಯಾ’ (1962) ಸಂಕಲಿಸಿ ಆಸ್ಕರ್ ಪಡೆದವರು ಆ್ಯನ್ ಕೋಟ್ಸ್. ಕೆಲಸಕ್ಕೆ ಘನತೆ ಬಂದು ‘ಕಲೆ’ ಎನಿಸಿಕೊಂಡಂತೆ ಅಲ್ಲಿ ಗಂಡಸರ ಸಂಖ್ಯೆ ಏರಿತು ಎಂಬುದನ್ನು ಗಮನಿಸಬೇಕು.

ಮುಂಬೈಯಲ್ಲಿ ಸ್ಥಿತಿ ಬೇರೆ. ತೆರೆಯ ಮೇಲೆ ನಾಯಕಿಯರಿದ್ದರು, ಹಿನ್ನೆಲೆಯಲ್ಲಿ ಗಾಯಕಿಯರಿದ್ದರು. ತಂತ್ರಜ್ಞರ ಸಾಲಿನಲ್ಲಿ ಹೆಂಗಸರು ಬೆರಳೆಣಿಕೆಯಷ್ಟು. ಪುಣೆಯಿಂದಲೇ 1969ರಲ್ಲಿ ಸಂಕಲನ ಕಲಿತು ಬಂದ ಅರುಣಾ ರಾಜೆ ಈ ದಾರಿ ತುಳಿದ ಮೊದಲಿಗರು. ರೇಣು ಆ ದಾರಿಯನ್ನು ಅಗಲ ಮಾಡಿದರು. ಗಾಳಿಯಾಡದ ಕೋಣೆ, ಹೊತ್ತುಗೊತ್ತಿಲ್ಲದ ದುಡಿಮೆ, ‘ಬಿಡುಗಡೆ ಶುಕ್ರವಾರ’ ಎಂಬ ತಲೆಯ ಮೇಲಿನ ಕತ್ತಿ ಎಲ್ಲ ಸಂಕಲನಕಾರರಿಗೂ ಇದ್ದದ್ದೇ. ಅದರ ಮೇಲೆ, ನಿರ್ದೇಶಕನ ಎದುರು ಕೂತು ‘ನಿಮ್ಮ ಈ ದೃಶ್ಯ ನಿಲ್ಲುವುದಿಲ್ಲ’ ಎಂದು ಹೇಳುವ ಅಧಿಕಾರವನ್ನು ಒಬ್ಬ ಹೆಣ್ಣುಮಗಳು ತನ್ನ ಕೆಲಸದಿಂದಲೇ ಗಳಿಸಬೇಕಿತ್ತು.

ಅವರ ಬದುಕಿನ ಒಂದು ಸಂಗತಿಯನ್ನು ಇಲ್ಲಿ ಹೇಳಬಹುದು. ವಿಧು ವಿನೋದ್ ಚೋಪ್ರಾ ಅವರೊಂದಿಗಿನ ರೇಣು ಅವರ ಮದುವೆ ಮುರಿಯಿತು. ಕೆಲಸದ ನಂಟು ಮುರಿಯಲಿಲ್ಲ. ‘ಖಾಮೋಶ್’, ‘ಪರಿಂದಾ’, ‘1942: ಎ ಲವ್ ಸ್ಟೋರಿ’ (1994), ‘ಕರೀಬ್’ (1998) ಎಲ್ಲವೂ ಅವರ ಕೈಯಿಂದಲೇ ಹಾದುಹೋದವು. ಸಂಸಾರದ ಲೆಕ್ಕ ಬೇರೆ, ಚೌಕಟ್ಟಿನ ಲೆಕ್ಕ ಬೇರೆ ಎಂಬ ವೃತ್ತಿಧರ್ಮ ಎರಡೂ ಕಡೆ ಇತ್ತು.

ಪಾರಿವಾಳದ ರೆಕ್ಕೆ

‘ಪರಿಂದಾ’ ಎಂದರೆ ಹಕ್ಕಿ. ಮುಂಬೈ ಭೂಗತ ಲೋಕದಲ್ಲಿ ಸಿಕ್ಕಿಬಿದ್ದ ಇಬ್ಬರು ಅಣ್ಣತಮ್ಮಂದಿರ ಕಥೆ. ಅದಕ್ಕೆ ಮುಂಚೆಯೂ ಇಂಥ ಕಥೆಗಳು ಹಿಂದಿಯಲ್ಲಿ ಬೇಕಾದಷ್ಟು ಬಂದಿದ್ದವು. ಆ ಚಿತ್ರ ಬೇರೆಯಾಗಿ ನಿಂತದ್ದು ಹೇಳಿದ ರೀತಿಯಿಂದ. ಪ್ರಾಮಾಣಿಕ ಅಧಿಕಾರಿಯ ಕೊಲೆ ನಡೆಯುವುದು ಪಾರಿವಾಳಗಳ ನಡುವೆ. ಗುಂಡಿನ ಸದ್ದು, ರೆಕ್ಕೆಗಳ ಪಟಪಟ, ಕುಸಿಯುವ ದೇಹ. ಒಂದೊಂದೂ ಬಿಡಿಬಿಡಿಯಾಗಿ ಚಿತ್ರಿಸಿಕೊಂಡ ತುಣುಕು. ನೋಡುವವರ ಮನಸ್ಸಿನಲ್ಲಿ ಅವು ಒಂದೇ ಆಘಾತವಾಗಿ ಇಳಿಯುತ್ತವೆ. ಹಕ್ಕಿ ಹಾರಿದ್ದಕ್ಕೂ ಮನುಷ್ಯ ಸತ್ತದ್ದಕ್ಕೂ ಕ್ಯಾಮೆರಾದ ಮುಂದೆ ಸಂಬಂಧವೇ ಇರಬೇಕಿಲ್ಲ. ಆ ಸಂಬಂಧ ಕಟ್ಟುವುದು ಮೇಜು.

ನಾನಾ ಪಾಟೇಕರ್ ಮಾಡಿದ ಅಣ್ಣಾ ಎಂಬ ಪಾತಕಿಗೆ ಬೆಂಕಿ ಕಂಡರೆ ದಿಗಿಲು. ಯಾಕೆ ಎಂಬ ಗುಟ್ಟನ್ನು ಚಿತ್ರ ಒಮ್ಮೆಗೇ ಬಿಟ್ಟುಕೊಡುವುದಿಲ್ಲ. ಯಾವ ಮಾಹಿತಿ ಪ್ರೇಕ್ಷಕನಿಗೆ ಈಗ ಬೇಕು, ಯಾವುದು ಇನ್ನೊಂದು ರೀಲು ಕಾಯಬಹುದು ಎಂಬ ತೀರ್ಮಾನ ಮೊದಲು ಚಿತ್ರಕಥೆಯಲ್ಲಿ ಆಗುತ್ತದೆ. ಕೊನೆಯ ತೀರ್ಮಾನ ಸಂಕಲನದಲ್ಲಿ. ಆ ಚಿತ್ರಕ್ಕೆ ರೇಣು ಅವರಿಗೆ ಮೊದಲ ರಾಷ್ಟ್ರಪ್ರಶಸ್ತಿ ಬಂತು. 1991ರಲ್ಲಿ ಸುಧೀರ್ ಮಿಶ್ರಾ ಅವರ ‘ಧಾರಾವಿ’, 1993ರಲ್ಲಿ ‘ಸರ್ದಾರ್’, 1998ರ ಸಾಲಿನಲ್ಲಿ ವಿನಯ್ ಶುಕ್ಲಾ ಅವರ ‘ಗಾಡ್‌ಮದರ್’ ಮತ್ತೆ ಮೂರು ಪ್ರಶಸ್ತಿ ತಂದವು.

ಈ ನಾಲ್ಕರ ಹೆಸರು ಮತ್ತೊಮ್ಮೆ ನೋಡಿ. ಒಂದು ಭೂಗತ ಲೋಕದ ರೋಮಾಂಚಕ ಕಥೆ. ಇನ್ನೊಂದು ಕೊಳೆಗೇರಿಯ ಟ್ಯಾಕ್ಸಿ ಚಾಲಕನ ಬದುಕು. ಅಲ್ಲಿ ಬಡವನ ಕನಸಿನೊಳಗೆ ಮಾಧುರಿ ದೀಕ್ಷಿತ್ ಸ್ವತಃ ಬಂದು ಹೋಗುತ್ತಾರೆ. ಕನಸಿಗೂ ಬೀದಿಗೂ ನಡುವಿನ ಹೊಸಿಲು ದಾಟುವಾಗ ಎಡವದಂತೆ ನೋಡಿಕೊಳ್ಳುವುದು ಸಂಕಲನದ ಕೆಲಸ. ಮೂರನೆಯದು ವಲ್ಲಭಭಾಯಿ ಪಟೇಲರ ಚರಿತ್ರೆ. ನಾಲ್ಕನೆಯದು ಗುಜರಾತಿನ ಹಿನ್ನೆಲೆಯಲ್ಲಿ ಅಧಿಕಾರಕ್ಕೇರುವ ಹೆಂಗಸೊಬ್ಬಳ ಕಥೆ. ನಾಲ್ಕಕ್ಕೂ ಒಂದೇ ‘ಶೈಲಿ’ ಇಲ್ಲ. ತನ್ನ ಮುದ್ರೆ ಒತ್ತದೆ ಚಿತ್ರದ ಮುದ್ರೆ ಯಾವುದೆಂದು ಹುಡುಕುವುದೇ ಅವರ ಶೈಲಿ.

ಎರಡು ಬಗೆಯ ಕತ್ತರಿ

ನಮ್ಮ ದೇಶದಲ್ಲಿ ಕತ್ತರಿ ಎಂದೊಡನೆ ಜನಕ್ಕೆ ನೆನಪಾಗುವುದು ಸೆನ್ಸಾರ್. ಎರಡರ ವ್ಯತ್ಯಾಸ ತಿಳಿಯಲು ಶೇಖರ್ ಕಪೂರ್ ಅವರ ‘ಬ್ಯಾಂಡಿಟ್ ಕ್ವೀನ್’ (1994) ಒಳ್ಳೆಯ ಉದಾಹರಣೆ. ಫೂಲನ್ ದೇವಿಯ ಬದುಕನ್ನು ಆಧರಿಸಿದ ಆ ಚಿತ್ರದ ಹಿಂಸೆ, ನಗ್ನತೆ, ಭಾಷೆ ದೊಡ್ಡ ವಿವಾದವಾಯಿತು. ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. 1996ರಲ್ಲಿ ಸುಪ್ರೀಂ ಕೋರ್ಟ್ ಪ್ರದರ್ಶನಕ್ಕೆ ದಾರಿ ಮಾಡಿಕೊಟ್ಟಿತು. ದೌರ್ಜನ್ಯದ ದೃಶ್ಯ ನೋಡುವವರಲ್ಲಿ ಚಪಲ ಹುಟ್ಟಿಸಲು ಇದೆಯೇ, ಅಸಹ್ಯ ಮತ್ತು ಮರುಕ ಹುಟ್ಟಿಸಲು ಇದೆಯೇ ಎಂಬುದು ಅಲ್ಲಿ ಎದುರಾದ ಮುಖ್ಯ ಪ್ರಶ್ನೆ. ನ್ಯಾಯಾಲಯ ಎರಡನೆಯದನ್ನು ಒಪ್ಪಿತು.

ಸಂಕಲನಕಾರರು ಅದೇ ಪ್ರಶ್ನೆಯನ್ನು ನ್ಯಾಯಾಲಯಕ್ಕಿಂತ ಮೊದಲೇ ಎದುರಿಸಿರುತ್ತಾರೆ. ಒಂದು ಕ್ರೌರ್ಯದ ಚಿತ್ರಿಕೆ ಎಷ್ಟು ಹೊತ್ತು ಇದ್ದರೆ ನೋವು ತಿಳಿಯುತ್ತದೆ, ಎಷ್ಟು ಹೊತ್ತು ಮೀರಿದರೆ ಅದು ಚಪಲವಾಗುತ್ತದೆ? ದೌರ್ಜನ್ಯ ಮಾಡುವವನ ಕಡೆಯಿಂದ ನೋಡಬೇಕೆ, ಅನುಭವಿಸುವವಳ ಕಡೆಯಿಂದಲೆ? ಸೆನ್ಸಾರಿನ ಕತ್ತರಿ ಹೊರಗಿನಿಂದ ಬಂದು ‘ಇದು ಕಾಣಬಾರದು’ ಎನ್ನುತ್ತದೆ. ಸಂಕಲನದ ಕತ್ತರಿ ಒಳಗಿನಿಂದ ‘ಇದು ಹೀಗೆ ಕಾಣಬೇಕು’ ಎನ್ನುತ್ತದೆ. ಒಂದು ಅಂಜಿಕೆಯಿಂದ ಕತ್ತರಿಸಿದರೆ ಇನ್ನೊಂದು ಹೊಣೆಯಿಂದ ಕತ್ತರಿಸುತ್ತದೆ.

ಕೊನೆಯ ವರ್ಷಗಳು

ತೊಂಬತ್ತರ ದಶಕದಲ್ಲಿ ರೇಣು ಕಲಾತ್ಮಕ ಚಿತ್ರಗಳ ಗಡಿ ದಾಟಿ ಬಂದಿದ್ದರು. ಸುಭಾಷ್ ಘಾಯ್ ಅವರ ಅದ್ದೂರಿ ‘ಪರದೇಸ್’ (1997) ಅವರ ಸಂಕಲನ. ಕುಂದನ್ ಶಾ ಅವರ ‘ಕಭಿ ಹಾಂ ಕಭಿ ನಾ’ (1994) ಅವರದೇ. ಸಣ್ಣ ಬಂಡವಾಳದ ‘ಹೈದರಾಬಾದ್ ಬ್ಲೂಸ್’ (1998) ಅವರ ಮೇಜಿಗೆ ಬಂತು. 2000ದ ಆರಂಭದಲ್ಲಿ ತೆರೆಕಂಡ ಕಮಲ ಹಾಸನ್ ಅವರ ‘ಹೇ ರಾಮ್’ ಸಹ ಅಲ್ಲಿಂದಲೇ ಹೋಯಿತು. ಹೊಸ ನಿರ್ದೇಶಕ, ಹಳೆಯ ನಿರ್ದೇಶಕ, ಕೋಟಿಯ ಚಿತ್ರ, ಲಕ್ಷದ ಚಿತ್ರ ಎಂಬ ಭೇದ ಆ ಮೇಜಿಗೆ ಇರಲಿಲ್ಲ.

ಆ ಹೊತ್ತಿಗೆ ಕೆಲಸದ ರೀತಿಯೇ ಬದಲಾಗತೊಡಗಿತ್ತು. ಕಂಪ್ಯೂಟರಿನಲ್ಲಿ ಸಂಕಲಿಸಿದ ‘ದಿ ಇಂಗ್ಲಿಷ್ ಪೇಷಂಟ್’ (1996) ಚಿತ್ರಕ್ಕೆ ವಾಲ್ಟರ್ ಮರ್ಚ್ ಸಂಕಲನದ ಆಸ್ಕರ್ ಪಡೆದ ಮೇಲೆ ಮೂವಿಯೋಲಾ, ಸ್ಟೀನ್‌ಬೆಕ್‌ಗಳ ದಿನಗಳು ಮುಗಿದವು ಎಂದೇ ಅರ್ಥವಾಯಿತು. ಈಗ ಯಾವ ತುಣುಕನ್ನೂ ಹುಡುಕಿ ಅಲೆಯಬೇಕಿಲ್ಲ. ಒಂದು ಕೀಲಿ ಒತ್ತಿದರೆ ಜೋಡಣೆ, ಇನ್ನೊಂದು ಒತ್ತಿದರೆ ಹಳೆಯ ಸ್ಥಿತಿ. ಕೈಯಿಂದ ಕತ್ತರಿಸುವಾಗ ಪ್ರತಿ ಕತ್ತರಿಗೂ ಮುಂಚೆ ಒಂದು ಕ್ಷಣ ಯೋಚಿಸಬೇಕಿತ್ತು. ಆ ಒಂದು ಕ್ಷಣದ ಯೋಚನೆಯನ್ನು ಯಂತ್ರ ಕಡ್ಡಾಯ ಮಾಡುವುದಿಲ್ಲ. ಅದನ್ನು ಕೂತವರೇ ಉಳಿಸಿಕೊಳ್ಳಬೇಕು.

ಕ್ಯಾನ್ಸರ್ ರೇಣು ಅವರನ್ನು ದುಡಿಮೆಯ ನಡುವೆಯೇ ಕೊಂಡೊಯ್ದಿತು. 2006ರಲ್ಲಿ ಪುಣೆ ಸಂಸ್ಥೆಯ ಹಳೆಯ ವಿದ್ಯಾರ್ಥಿಗಳ ಸಂಘ ಅವರ ಕಲೆಯ ಬಗ್ಗೆ ಪುಸ್ತಕವೊಂದನ್ನು ತಂದಿತು. ಅದರ ಹೆಸರು ‘ಇನ್‌ವಿಸಿಬಲ್’, ಅಂದರೆ ಅದೃಶ್ಯ. ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು.

ಸಭಿಕರೆ, ಅದೃಶ್ಯವಾಗಿರುವುದು ಕೆಲಸದ ಗುಣ. ಕೆಲಸ ಮಾಡಿದವರನ್ನೂ ಅದೃಶ್ಯರಾಗಿಸಬೇಕೆಂದು ಅದರ ಅರ್ಥವಲ್ಲ. ಮಣಿರತ್ನಂ ಅವರ ‘ಬಾಂಬೆ’ ಚಿತ್ರದ ಹಾಡು ಗುನುಗುವವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಅದರ ಸಂಕಲನಕ್ಕೆ 1995ರ ರಾಷ್ಟ್ರಪ್ರಶಸ್ತಿ ಪಡೆದವರು ಕನ್ನಡ ಚಿತ್ರರಂಗದವರೇ ಆದ ಸುರೇಶ್ ಅರಸ್ ಎಂದು ಎಷ್ಟು ಕನ್ನಡಿಗರಿಗೆ ಗೊತ್ತು? ನಟರ ಹುಟ್ಟುಹಬ್ಬಕ್ಕೆ ಊರೆಲ್ಲ ಫ್ಲೆಕ್ಸ್ ಕಟ್ಟುವ ನಾಡು ಸಂಕಲನಕಾರರ ಹೆಸರು ತೆರೆಯ ಮೇಲೆ ಇರುವ ಮೂರು ಸೆಕೆಂಡಿನಲ್ಲಿ ಕುರ್ಚಿ ಹುಡುಕುತ್ತಿರುತ್ತದೆ.

ಅದಕ್ಕೆ ದೊಡ್ಡ ಪರಿಹಾರವೇನೂ ಬೇಕಿಲ್ಲ. ಇಷ್ಟು ಮಾಡಿದರೆ ಸಾಕು. ಮೆಚ್ಚಿದ ಚಿತ್ರವೊಂದರ ಒಂದು ದೃಶ್ಯವನ್ನು ಎರಡನೆಯ ಸಲ ನೋಡುವಾಗ ಕಥೆ ಬಿಟ್ಟು ಜೋಡಣೆ ನೋಡಿ. ಚಿತ್ರಿಕೆ ಬದಲಾದಾಗಲೆಲ್ಲ ಬೆರಳಿನಿಂದ ಕುರ್ಚಿಯ ತೋಳಿನ ಮೇಲೆ ಒಮ್ಮೆ ತಟ್ಟಿ. ಇಲ್ಲೇಕೆ ಬದಲಾಯಿತು, ಇನ್ನೊಂದು ಕ್ಷಣ ಮುಂಚೆ ಆಗಿದ್ದರೆ ಏನಾಗುತ್ತಿತ್ತು ಎಂದು ಕೇಳಿಕೊಳ್ಳಿ. ‘ಜಾನೇ ಭೀ ದೋ ಯಾರೋ’ದಿಂದಲೇ ಆರಂಭಿಸಬಹುದು. ಸ್ವಲ್ಪ ಹೊತ್ತಿನಲ್ಲಿ ನಗು ಬಂದು ಬೆರಳು ತಟ್ಟುವುದನ್ನೇ ಮರೆತರೆ ಬೇಸರ ಬೇಡ. ರೇಣು ಸಲೂಜಾ ಅವರಿಗೆ ಬೇಕಿದ್ದದ್ದೂ ಅದೇ. ಚಿತ್ರ ಮುಗಿದ ಮೇಲೆ ಹೆಸರನ್ನು ಮಾತ್ರ ಮರೆಯದಿದ್ದರೆ ಸಾಕು.